ನಾಲ್ಕು ಹಲ್ಲಿನ ಕಟರ್

"ಕೈಯಾಗ ತಗೊಂಡು ನೋಡು. ಅವಸರ ಬ್ಯಾಡ. ಇದು ನಿಂದೇನು?"

ಕುಬೇರಪ್ಪ ಮಾಸ್ತರರು ಮುರಿದ ಅಲ್ಯೂಮಿನಿಯಂ ತುಂಡನ್ನು ಮಷಿನ್ನಿನ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡರು. ಮೂವತ್ತೊಂದು ವರ್ಷ ಐ.ಟಿ.ಐ.ನಲ್ಲಿ ಹುಡುಗರ ಕೆಲಸ ನೋಡುವಾಗ ನಿಲ್ಲುತ್ತಿದ್ದ ಭಂಗಿ ಅದು. ಆಗ ಅವರ ಎದುರಿಗೆ ನಿಂತವರಿಗೆ ಹೆಚ್ಚೆಂದರೆ ನಾಲ್ಕು ಅಂಕ ಹೋಗುತ್ತಿತ್ತು. ಇವತ್ತು ಎದುರಿಗೆ ನಿಂತಿದ್ದ ವಿದ್ಯಾಶ್ರೀಗೆ ಹೋಗುವುದು ಮಾನ.

ವಿದ್ಯಾಶ್ರೀ ತುಂಡನ್ನು ಎತ್ತಿಕೊಂಡಳು. ಅಂಗೈಯಷ್ಟು ಅಗಲದ ಹಿಡಿಕೆ ಅದು. ಹೊಲಕ್ಕೆ ಔಷಧ ಹೊಡೆಯುವ ಡ್ರೋನಿನ ತೋಳನ್ನು ಮೈಗೆ ಬಿಗಿಯುವಂಥದ್ದು. ನಡುವೆ ಒಂದು ಕುಳಿ, ಆ ಕುಳಿಯ ತಳದ ಮೂಲೆಯಿಂದ ಬಿರುಕು ಹೊರಟು ಎರಡು ಹೋಳಾಗಿತ್ತು. ಹೊರಮೈ ಮೇಲೆ ಚಿಕ್ಕದಾಗಿ, ಚೊಕ್ಕಟವಾಗಿ ಕೆತ್ತಿದ ಅಕ್ಷರ: 'ವಿ'.

ಆಕೆ ಭೂತಗನ್ನಡಿ ಹಿಡಿದು ನೋಡಿದಳು. ಒಂದು ನಿಮಿಷ. ಎರಡು ನಿಮಿಷ. ಆಕೆಯದೇ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನದ ಕಾವು ಏರುತ್ತಿತ್ತು. ಹೊರಗೆ ಮಲ್ಲಸಮುದ್ರದ ದಾರಿಯಲ್ಲಿ ಟ್ರ್ಯಾಕ್ಟರ್ ಒಂದು ಹಾದುಹೋಯಿತು.

"ಗುರುತು ನಂದ ಐತಿ ಸರ್," ಅಂದಳು ಕೊನೆಗೆ. "ಕೆಲಸ ನಂದಲ್ಲ."

ಬಾಗಿಲ ಹತ್ತಿರ ಕಟ್ಟಿಗೆಯ ಸ್ಟೂಲಿನ ಮೇಲೆ ಕೂತಿದ್ದ ಪಿ.ಎಸ್.ಐ. ಭುವನೇಶ್ವರಿ ಉಸಿರು ಬಿಟ್ಟಳು. "ಎಲ್ಲಾರೂ ಹಿಂಗ ಅಂತಾರವಾ."

ನಾಲ್ಕು ದಿನದ ಹಿಂದೆ ಹರ್ತಿಯ ಮೆಣಸಿನಕಾಯಿ ಹೊಲದಲ್ಲಿ ಡ್ರೋನ್ ಒಂದು ತೋಳು ಮುರಿದು ಬಿದ್ದು, ಕಳೆ ತೆಗೆಯುತ್ತಿದ್ದ ಶೇಖವ್ವನ ತಲೆಗೆ ಬಡಿದಿತ್ತು. ಗದಗಿನ ದವಾಖಾನೆಯಲ್ಲಿ ಆಕೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಮಾಸ್ತರ್, ನೀವು ಕೇಳಿದ್ರಿ ಅಂತ ಇಲ್ಲಿತನಕ ಬಂದೀನಿ," ಅಂದಳು ಭುವನೇಶ್ವರಿ. "ಐದು ಗಂಟೇಕ್ಕ ಸಾಹೇಬ್ರಿಗೆ ಉತ್ತರ ಹೇಳಬೇಕು. ತುಂಡಿನ ಮ್ಯಾಲ ಈಕಿ ಅಕ್ಷರ ಐತಿ. ಡ್ರೋನಿನ ಮಾಲಕ ಈಕಿ ಕಡೆನ ಮಾಡಿಸೀನಿ ಅಂತ ಬರದು ಕೊಟ್ಟಾನ. ನನಗ ಬ್ಯಾರೆ ಏನ್ ಬೇಕು?"

"ಐದಕ್ಕ ಇನ್ನೂ ಎರಡೂವರಿ ತಾಸು ಐತಿ ಮೇಡಂ," ಅಂದರು ಮಾಸ್ತರರು. ಅವರು ಆಕೆಯ ಕಡೆ ತಿರುಗಲಿಲ್ಲ. ಕಣ್ಣು ವಿದ್ಯಾಶ್ರೀಯ ಬೆರಳುಗಳ ಮೇಲೆಯೇ ಇತ್ತು. "ನಂದಲ್ಲ ಅಂದ್ರ ಸಾಲೂದಿಲ್ಲ ವಿದ್ಯಾ. ಯಾಕ ಅಲ್ಲ?"

ಆ ಪ್ರಶ್ನೆಯನ್ನು ಅವರು ಗಟ್ಟಿ ದನಿಯಲ್ಲಿ ಕೇಳಿದರು. ಬೇಕಂತಲೇ. ಮಷಿನಿಸ್ಟ್ ವರ್ಗಕ್ಕೆ ಸೇರಿದ ಮೊದಲ ಹುಡುಗಿ ಈಕೆ. ಈಕೆಗೆ ಅರ ಹಿಡಿಯುವುದು ಕಲಿಸಿದ್ದು ತಾವೇ. ತಮ್ಮ ಶಿಷ್ಯೆ ಎಂಬ ಕಾರಣಕ್ಕೆ ಕೂದಲಷ್ಟು ವಾಲಿದರೂ ಈ ಕೇಸಿನಲ್ಲಿ ತಮ್ಮ ಮಾತಿಗೆ ಬೆಲೆ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ವಿದ್ಯಾಶ್ರೀ ಗೋಡೆಯ ಹಲಗೆಯಿಂದ ಇನ್ನೊಂದು ಹಿಡಿಕೆ ತಂದಳು. ಇಡಿಯದು. ಹೊಳೆಯುವಂಥದ್ದು.

"ಇದು ನಾ ಮಾಡಿದ್ದು. ಮಾದರಿಗೆ ಅಂತ ಇಟ್ಟುಕೊಂಡೀನಿ. ಕುಳಿಯೊಳಗ ಬೆರಳು ಹಾಕ್ರಿ ಸರ್. ತಳಕ್ಕ."

ಮಾಸ್ತರರು ಕಿರುಬೆರಳು ಹಾಕಿದರು. ತಳ ಮತ್ತು ಗೋಡೆ ಕೂಡುವ ಕಡೆ ಬೆರಳು ನಯವಾಗಿ ಜಾರಿತು. ಮೂಲೆ ಇತ್ತು, ಆದರೆ ಮೊನೆ ಇರಲಿಲ್ಲ.

"ಈಗ ಮುರಿದದ್ದರಾಗ ಹಾಕ್ರಿ."

ಉಗುರು ಚುರುಕ್ಕೆಂದು ಸಿಕ್ಕಿಕೊಂಡಿತು. ಚಾಕುವಿನಿಂದ ಸೀಳಿದಂಥ ಮೂಲೆ.

"ಮೇಡಂ, ನೀವೂ ನೋಡ್ರಿ," ಅಂದಳು ವಿದ್ಯಾಶ್ರೀ. "ಡ್ರೋನ್ ಹಾರೂ ಮುಂದ ಈ ಹಿಡಿಕಿ ಒಂದ ಸಮನ ನಡುಗತಿರತೈತಿ. ಮೂಲಿ ಮೊನಚಿದ್ರ ಬಿರುಕು ಅಲ್ಲಿಂದನ ಶುರುವಾಗತೈತಿ. ಅದಕ್ಕ ನಾ ತುದಿ ಉರುಟು ಮಾಡಿದ ಕಟರ್ ಹಾಕತೀನಿ. ಬರೇ ಅರ್ಧ ಮಿಲಿಮೀಟರ್ ಉರುಟು. ಅಷ್ಟಿದ್ರ ಸಾಕು, ತ್ರಾಣ ಉಳೀತೈತಿ. ಈ ಮುರಿದದ್ದನ್ನ ಕೊರೆದ ಕಟರಿಗೆ ತುದಿ ಚೂಪು ಇತ್ತು."

"ಒಂದಿನ ನೀನ ಮರೆತು ಚೂಪಂದು ಹಾಕಿರಬಹುದಲ್ಲ?"

"ಮರೆಯಾಕ ಚೂಪು ತುದಿ ಕಟರ್ ಅಲ್ಯೂಮಿನಿಯಂ ಡಬ್ಬಿಯಾಗ ಇದ್ರ ತಾನ ಮೇಡಂ?"

ಆಕೆ ಕಟರಿನ ಡಬ್ಬಿ ತೆರೆದು ಮುಂದಿಟ್ಟಳು. ಮಷಿನ್ನಿಗೆ ಸಿಕ್ಕಿಸುವ ಕಿರುಬೆರಳಿಗಿಂತ ಸಣ್ಣ ಕಡ್ಡಿಗಳು. ಊರಿನ ಟರ್ನರುಗಳ ಬಾಯಲ್ಲಿ ಅವು ಎಂಡ್ ಮಿಲ್. ಒಂದೊಂದೂ ತನ್ನ ತೂತಿನಲ್ಲಿ ನಿಂತಿತ್ತು. ಎಲ್ಲವೂ ಬೆಳ್ಳಗೆ, ಕನ್ನಡಿಯಂತೆ ಹೊಳೆಯುತ್ತಿದ್ದವು.

"ನೀವು ನಮಗ ಉಕ್ಕು ಕೊರೆಯೋದು ಕಲಿಸಿದ್ರಿ ಸರ್," ಅಂದಳು ಮಾಸ್ತರರ ಕಡೆ ತಿರುಗಿ. "ಅದಕ್ಕ ನಾಲ್ಕು ಹಲ್ಲಿನ ಕಟರ್ ಚಲೋ. ಅಲ್ಯೂಮಿನಿಯಂದು ಸ್ವಭಾವ ಬ್ಯಾರೆ. ಮೆತ್ತಗ, ಜಿಗುಟು. ಕೊರೆದ ಚೂರು ಲಗೂನ ಹೊರಗ ಹೋಗಬೇಕು. ಹಲ್ಲು ಹೆಚ್ಚಾದ್ರ ನಡುವಿನ ಗಟಾರ ಸಣ್ಣದಾಗತೈತಿ, ಚೂರು ಅಲ್ಲೇ ಸಿಕ್ಕೊಂಡು, ಕಾದು, ಕಟರಿಗೆ ಬೆಸುಗಿ ಹಾಕಿದಂಗ ಅಂಟತೈತಿ. ಅದಕ್ಕ ಒರಟು ಕೆಲಸಕ್ಕ ಎರಡು ಹಲ್ಲಿಂದು, ನಯ ಮಾಡಾಕ ಮೂರು ಹಲ್ಲಿಂದು. ಅದಕ್ಕಿಂತ ಹೆಚ್ಚಿನದು ಈ ಡಬ್ಬಿಯಾಗ ಇಲ್ಲ."

"ಬಣ್ಣ ಯಾಕ ಇಲ್ಲ ಇವಕ್ಕ? ಪ್ಯಾಟ್ಯಾಗ ಕರೇವು ನೋಡೀನಿ ನಾನು."

"ಆ ಲೇಪದಾಗ ಅಲ್ಯೂಮಿನಿಯಂ ಕೂಡಿರತೈತಿ ಸರ್. ಉಕ್ಕಿನ ಕಾವು ತಡೀಲಿ ಅಂತ ಹಾಕತಾರ. ಅದರಿಂದ ಅಲ್ಯೂಮಿನಿಯಂ ಕೊರೆದ್ರ ಒಂದಕ್ಕೊಂದು ಹತ್ತಿಕೊಳ್ಳತಾವ. ನಂಗ ಇದು ಗೊತ್ತಾಗೂಮಟ ಹದಿನಾಲ್ಕು ಕಟರ್ ಮುರಿದೀನಿ. ಅವನ್ನೂ ಇಟ್ಟೀನಿ, ಅಲ್ಲೆ, ಗಾಜಿನ ಭರಣ್ಯಾಗ."

ಮಾಸ್ತರರು ಭರಣಿಯ ಕಡೆ ನೋಡಿದರು. ಅವರ ಅವ್ವ ಬೆಟಗೇರಿಯ ಓಣಿಯಲ್ಲಿ ಸೀರೆಯ ಅಂಚು ಮುಟ್ಟಿ ಇದು ಯಾರ ಮಗ್ಗದ್ದು ಎಂದು ಹೇಳುತ್ತಿದ್ದಳು. ಆ ಬೆರಳು ತಮಗೆ ಬಂದಿದೆ ಎಂಬ ಹೆಮ್ಮೆ ಅವರಿಗೆ ಮೊದಲಿಂದಲೂ ಇತ್ತು. ಈಗ ತಾವು ಕಲಿಸಿದ ಹುಡುಗಿ ತಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿದ್ದಳು, ಅದೂ ಎದುರಿಗೆ ಪೊಲೀಸರನ್ನು ಕೂರಿಸಿಕೊಂಡು. ಎದೆ ತುಂಬಿದಂತಾಯಿತು. ಅದನ್ನು ಮುಖದ ಮೇಲೆ ಬರಗೊಡದೆ ಭೂತಗನ್ನಡಿ ಇಸಿದುಕೊಂಡರು.

ಮುರಿದ ತುಂಡಿನ ಕುಳಿಯ ತಳ ದೊಡ್ಡದಾಗಿ ಕಂಡಿತು. ಬೆಣ್ಣೆ ಸವರಿದಂತೆ ಲೋಹ ಮೆತ್ತಿತ್ತು. ಬಿರುಕಿನ ಬುಡದಲ್ಲಿ, ಆ ಮೆತ್ತಿದ ಲೋಹದೊಳಗೆ ಹೂತು, ಎಳ್ಳಿಗಿಂತ ಸಣ್ಣ ಕಾಳೊಂದು ಮಿನುಗಿತು. ಕಪ್ಪು. ಬೆಳಕಿಗೆ ಹಿಡಿದರೆ ನೇರಳೆ.

"ಮೇಡಂ, ಬರ್ರಿ ಇಲ್ಲಿ."

ಭುವನೇಶ್ವರಿ ಬಗ್ಗಿ ನೋಡಿದಳು. "ಏನದು?"

"ಕಟರಿನ ಹಲ್ಲಿನ ತುದಿ. ಕೊರೆಯೋ ಮುಂದ ಮುರಿದು ಅಲ್ಲೇ ಕುಂತೈತಿ. ಲೇಪ ಇದ್ದ ಕಟರ್. ಉಕ್ಕಿನದು."

ಭುವನೇಶ್ವರಿ ತಡಮಾಡಲಿಲ್ಲ. ಎದ್ದು ಮಷಿನ್ನಿನ ಕೆಳಗಿನ ಖಾನೆಗಳನ್ನು ಒಂದೊಂದಾಗಿ ಎಳೆದಳು. ಮೊದಲನೆಯದರಲ್ಲಿ ಅಳತೆಯ ಸಾಮಾನು. ಎರಡನೆಯದರಲ್ಲಿ ಬಟ್ಟೆ, ಎಣ್ಣೆ. ಮೂರನೆಯದರಲ್ಲಿ ಕೈ ಆಡಿಸಿದವಳು ಹಾಗೇ ನಿಂತಳು. ಹೊರಗೆ ಬಂದ ಅವಳ ಬೆರಳ ನಡುವೆ ಒಂದು ಕಟರ್ ಇತ್ತು.

ಕಪ್ಪು ನೇರಳೆ. ನಾಲ್ಕು ಹಲ್ಲು.

"ಇದೇನವಾ?"

ವಿದ್ಯಾಶ್ರೀಯ ಮುಖ ಕೆಂಪಾಯಿತು. "ಡಬ್ಬಿಯಾಗಿಲ್ಲ ಅಂದೆ ಮೇಡಂ, ಶೆಡ್ಡಿನಾಗಿಲ್ಲ ಅನ್ನಲಿಲ್ಲ. ಮಷಿನ್ನಿನಾಗ ತುಂಡು ಹಿಡಿಯೋ ಇಕ್ಕಳದ ಉಕ್ಕಿನ ದವಡಿ ಸರಿ ಮಾಡಾಕ ಇಟ್ಟುಕೊಂಡದ್ದು."

"ನಾಲ್ಕು ಹಲ್ಲು. ಕರೇ ಲೇಪ. ಚೂಪು ತುದಿ. ನಿಮ್ಮ ಮಾಸ್ತರು ಈಗ ಹೇಳಿದ್ದು ಇದನ್ನ ಅಲ್ಲೇನು?"

ಮಾಸ್ತರರು ಕೈ ಚಾಚಿದರು. ಕಟರನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹೋದರು. ಒಂದೊಂದೇ ಹಲ್ಲು ತಿರುಗಿಸಿದರು. ಒಂದು. ಎರಡು. ಮೂರು. ನಾಲ್ಕನೆಯದನ್ನು ಎರಡು ಸಲ ನೋಡಿದರು.

"ನಾಲ್ಕೂ ತುದಿ ಸಾಬೂತ ಅದಾವ. ಒಂದೂ ಮುರಿದಿಲ್ಲ. ನೀವ ನೋಡ್ರಿ."

ಭುವನೇಶ್ವರಿ ನೋಡಿದಳು. ಒಪ್ಪಿದಳು. ಆದರೆ ಸ್ಟೂಲಿಗೆ ಮರಳಲಿಲ್ಲ. "ಒಂದು ಇದ್ದಾಕಿ ಕಡೆ ಇನ್ನೊಂದು ಇದ್ದಿರಬಹುದು ಮಾಸ್ತರ್. ಮುರಿದದ್ದನ್ನ ಒಗೆದಿರಬಹುದು. ನಾ ಇದನ್ನ ಬರಕೊಳ್ಳಲೇಬೇಕು."

"ಬರಕೋರಿ," ಅಂದರು ಮಾಸ್ತರರು. "ನಾ ಆದ್ರೂ ಬರಕೊಳ್ಳತಿದ್ದೆ."

ಹೊರಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಲಕ್ಷ್ಮೇಶ್ವರದ ಆನಂದ ಬಂದಿದ್ದ. ಬಿದ್ದ ಡ್ರೋನಿನ ಮಾಲಕ. ಶಿಗ್ಲಿಯಿಂದ ಮುಂಡರಗಿಯತನಕ ಹೊಲಗಳಿಗೆ ಔಷಧ ಹೊಡೆಸುವವರು ಇವನನ್ನೇ ಕರೆಯುತ್ತಿದ್ದರು. ಇಸ್ತ್ರಿ ಮುರಿಯದ ಅಂಗಿ, ನಾಲ್ಕು ದಿನ ನಿದ್ದೆ ಇಲ್ಲದ ಕಣ್ಣು.

"ಇನ್ನೂ ಇಲ್ಲೇ ಅದಾಳೇನ್ರಿ ಈಕಿ? ಸ್ಟೇಶನ್ನಿಗೆ ಒಯ್ದಿಲ್ಲ?"

"ಕುಂಡ್ರಿ," ಅಂದಳು ಭುವನೇಶ್ವರಿ. "ನಾನ ಕರೆಸೀನಿ ನಿಮ್ಮನ್ನ."

"ಏನ್ ಕುಂಡ್ರೋದ್ರಿ ಮೇಡಂ! ಮುದುಕಿ ಸಾವು ಬದುಕಿನ ನಡುವ ಅದಾಳ. ಊರ ತುಂಬ ನನ್ನ ಡ್ರೋನ್ ಅಂತಾರ, ಈಕಿ ಹಿಡಿಕಿ ಅಂತ ಯಾರೂ ಅನ್ನವಲ್ರು. ಮ್ಯಾಲ 'ವಿ' ಅಂತ ಹೆಸರು ಕೆತ್ತಿಕೊಂಡಾಳಲ್ಲ, ಈಗ ಹೊರಲಿ ಆ ಹೆಸರು!"

ವಿದ್ಯಾಶ್ರೀ ತಲೆ ಎತ್ತಿದಳು. "ಹೊರಾಕನ ಕೆತ್ತೀನಿ ಆನಂದಣ್ಣ. ಕೆಟ್ಟರ ನನ್ನನ್ನ ಕೇಳಲಿ ಅಂತನ. ಆದರ ಅಕ್ಷರ ಯಾರು ಬೇಕಾದ್ರೂ ಕೆತ್ತಬಹುದು. ಮೂಲಿ ಉರುಟು ಮಾಡಾಕ ಮಾತ್ರ ಗೊತ್ತಿರಬೇಕಾಗತೈತಿ."

"ಮಾತು ಕಲತಾಳ್ರಿ ಚಲೋ!"

"ಆನಂದ," ಅಂದರು ಮಾಸ್ತರರು ಮೆಲ್ಲಗೆ. "ನಿಂದು ಆರು ತೋಳಿನ ಡ್ರೋನು. ಒಂದು ಹಿಡಿಕಿ ಮುರೀತು. ಉಳಿದ ಐದು?"

ಭುವನೇಶ್ವರಿ ಚೀಲ ಬಿಚ್ಚಿ ಐದು ಹಿಡಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಬಿದ್ದ ದಿನವೇ ಜಪ್ತಿ ಮಾಡಿದ್ದವು. ಐದರ ಮೇಲೂ 'ವಿ'. ನೋಡಲು ಐದೂ ಒಂದೇ.

ಮಾಸ್ತರರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಕಣ್ಣು ಮುಚ್ಚಿದರು. ಆನಂದ ಏನೋ ಅನ್ನಲು ಬಾಯಿ ತೆರೆದ, ಭುವನೇಶ್ವರಿ ಕೈ ಅಡ್ಡ ಮಾಡಿದಳು.

ಮೊದಲನೆಯ ಹಿಡಿಕೆಯ ಕುಳಿಗೆ ಕಿರುಬೆರಳು ಇಳಿಯಿತು. ಪಕ್ಕಕ್ಕಿಟ್ಟರು. ಎರಡನೆಯದು. ಪಕ್ಕಕ್ಕೆ. ಮೂರನೆಯದಕ್ಕೆ ಬೆರಳು ನಿಂತಿತು. ಅದನ್ನು ಬೇರೆ ಇಟ್ಟರು. ನಾಲ್ಕು, ಐದು ಮೊದಲಿನವುಗಳ ಜೋಡಿ ಸೇರಿದವು.

ಕಣ್ಣು ತೆರೆದಾಗ ಒಂದು ಕಡೆ ನಾಲ್ಕು ಹಿಡಿಕೆ, ಇನ್ನೊಂದು ಕಡೆ ಒಂದು.

"ಈ ಒಂದು ಮುರಿದದ್ದರ ತಮ್ಮ," ಅಂದರು. "ಮೂಲಿ ಚೂಪು. ಇದು ಇನ್ನೂ ಮುರಿದಿಲ್ಲ, ಅಷ್ಟ. ಮೂಲಿಗೆ ಕೂದಲೆಳಿ ಬಿರುಕು ಬಿದ್ದೈತಿ, ಗಾಜು ಹಿಡಿದು ನೋಡ್ರಿ. ಇನ್ನೊಂದು ಹೊಲ ಹಾರಿದ್ದರ ಇದೂ ಹೋಗತಿತ್ತು."

ಆನಂದನ ಮುಖದಿಂದ ಸಿಟ್ಟು ಇಳಿಯಿತು. "ಮರುದಿನ ಮುಂಡರಗಿಗೆ ಹೋಗೂದಿತ್ತು," ಅಂದ ಸಣ್ಣ ದನಿಯಲ್ಲಿ. "ಕನ್ನಡ ಸಾಲಿ ಮಗ್ಗಲದ ಹೊಲ."

ಭುವನೇಶ್ವರಿ ಗಾಜು ಹಿಡಿದು ಆ ಬಿರುಕನ್ನು ಹುಡುಕಿ ನೋಡಿದಳು.

"ಆದ್ರೂ," ಅಂದಳು ಭುವನೇಶ್ವರಿ, "ನಾಲ್ಕು ಒಂದು ಕಟರಿನಾಗ, ಎರಡು ಇನ್ನೊಂದು ಕಟರಿನಾಗ ಮಾಡ್ಯಾಳ ಅಂತ ಸಾಹೇಬ್ರು ಅಂದ್ರ ನಾ ಏನ್ ಹೇಳಲಿ? ಎರಡೂ ನಮೂನಿ ಕಟರ್ ಈಕಿ ಶೆಡ್ಡಿನಾಗ ಸಿಕ್ಕಾವ."

ಅದು ನ್ಯಾಯವಾದ ಪ್ರಶ್ನೆ. ಮಾಸ್ತರರು ಸಿಟ್ಟಾಗಲಿಲ್ಲ. ಚೂಪು ಮೂಲೆಯ ಹಿಡಿಕೆಯನ್ನು ಮತ್ತೆ ಎತ್ತಿಕೊಂಡು ಕುಳಿಯ ಗೋಡೆಯ ಮೇಲೆ ಮೇಲಿಂದ ಕೆಳಗೆ ಉಗುರು ಎಳೆದರು. ಆಮೇಲೆ ವಿದ್ಯಾಶ್ರೀ ಮಾಡಿದ್ದರ ಗೋಡೆಯ ಮೇಲೆ. ಮತ್ತೆ ಇದು. ಮತ್ತೆ ಅದು.

"ವಿದ್ಯಾ, ನಿನ್ನ ಗೋಡಿ ಮ್ಯಾಲ ಗೆರಿ ಅದಾವ. ಉಗುರಿಗೆ ಹತ್ತತಾವ. ಆರು."

ಆಕೆ ತುಸು ನಾಚಿದಳು. "ಹೌದ್ರಿ ಸರ್. ನಂದು ಸಣ್ಣ ಮಷಿನ್. ಮೋಟಾರಿಗೆ ಅಷ್ಟು ಬಲ ಇಲ್ಲ. ಹನ್ನೆರಡು ಮಿಲಿಮೀಟರ್ ಆಳ ಒಮ್ಮೆಲೆ ತಗೊಳ್ಳಾಕ ಆಗೂದಿಲ್ಲ. ಎರಡೆರಡು ಮಿಲಿಮೀಟರಿನಂಗ ಆರು ಸಲ ಇಳೀತೀನಿ. ಒಳಗೋಡಿ, ಕಣ್ಣಿಗೆ ಕಾಣೂದಿಲ್ಲ, ಹಿಡಿತಕ್ಕೂ ಅಡ್ಡಿ ಇಲ್ಲ."

"ಇದರಾಗ ಒಂದೂ ಇಲ್ಲ. ಒಂದ ಏಟಿಗೆ ತಳ ಮುಟ್ಯಾನ." ಮಾಸ್ತರರು ಭುವನೇಶ್ವರಿಯ ಕಡೆ ತಿರುಗಿದರು. ಮೊದಲ ಸಲ ಅವರ ದನಿಯಲ್ಲಿ ಬಿಸಿ ಇತ್ತು. "ಮೇಡಂ, ಇದನ್ನ ಕೊರೆದದ್ದು ದೊಡ್ಡ ಮಷಿನ್. ಉಕ್ಕು ಕೊರೆಯೋ ಭಾರದ ಮಷಿನ್. ಈ ಸಣ್ಣದು ಆ ಕೆಲಸ ಮಾಡಾಕ ಸಾಧ್ಯನ ಇಲ್ಲ."

"ಸಾಧ್ಯ ಇಲ್ಲ ಅಂತ ಬಾಯಿಲೆ ಅಂದ್ರ?" ಆನಂದ ಕೇಳಿದ. ಅದರಲ್ಲಿ ಈಗ ಛಲ ಇರಲಿಲ್ಲ, ತಿಳಿಯಬೇಕೆಂಬ ಆಸೆ ಇತ್ತು.

ವಿದ್ಯಾಶ್ರೀ ಹಲಗೆಯಿಂದ ಅಲ್ಯೂಮಿನಿಯಂ ಗಟ್ಟಿಯೊಂದನ್ನು ತಂದು ಇಕ್ಕಳಕ್ಕೆ ಬಿಗಿದಳು. ಬೆಳ್ಳನೆಯ ಎರಡು ಹಲ್ಲಿನ ಕಟರ್ ಸಿಕ್ಕಿಸಿದಳು, ಆದಷ್ಟು ಮೋಟಾಗಿ. "ಕುತಿಗಿ ಉದ್ದ ಬಿಟ್ರ ನಡುಗತೈತಿ," ಅಂದಳು ಯಾರಿಗೋ ಎಂಬಂತೆ. ಗಾಳಿಯ ನಳಿಗೆ ತಿರುಗಿಸಿದಳು. ಗುಂಡಿ ಒತ್ತಿದಳು.

ಮಷಿನ್ ಒಂದೇ ಶ್ರುತಿಯಲ್ಲಿ ಹಾಡಿದಂತೆ ಓಡಿತು. ಸಣ್ಣ ಬಿಳಿ ಚೂರುಗಳು ಗಾಳಿಗೆ ಚಿಮ್ಮಿ ಸೋನೆಯಂತೆ ತಗಡಿಗೆ ಬಡಿದವು. ಒಂದು ಸುತ್ತು, ಎರಡು, ಮೂರು. ಆರನೆಯ ಸುತ್ತಿಗೆ ಕುಳಿ ಮುಗಿಯಿತು. ಒಳಗೆ ಕನ್ನಡಿಯ ಹಾಗೆ ತಳ. ಭುವನೇಶ್ವರಿ ಅರಿವಿಲ್ಲದೆ ಎರಡು ಹೆಜ್ಜೆ ಮುಂದೆ ಬಂದಿದ್ದಳು.

"ಈಗ ಆ ಕರೇ ಕಟರ್ ಕೊಡ್ರಿ ಮೇಡಂ," ಅಂದಳು ವಿದ್ಯಾಶ್ರೀ.

"ಸಾಕ್ಷಿಯದು. ಮುರಿದ್ರ?"

"ಸಾಕ್ಷಿ ನಿಮ್ಮ ಕಡೆನ ಇರಲಿ ಮೇಡಂ," ಅಂದರು ಮಾಸ್ತರರು. ತಮ್ಮ ಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಹೋಲಿಸಿ ನೋಡಲು ಬೇಕಾದೀತೆಂದು, ಗದಗ ಪೇಟೆಯಲ್ಲಿ ಹೆಚ್ಚು ಮಾರಾಟವಾಗುವ ಕಟರನ್ನು ಮುಂಜಾನೆಯೇ ಕೊಂಡಿದ್ದರು, ಅದೂ ಅಂಥದ್ದೇ, ಕಪ್ಪು ನೇರಳೆಯದು. "ಇದನ್ನ ಹಾಕು. ಒಂದ ಏಟಿಗೆ ತಳಕ್ಕ ಇಳಿಸು. ನಿಲ್ಲಿಸಬ್ಯಾಡ."

ಆಕೆ ಅವರ ಮುಖ ನೋಡಿದಳು. "ಸರ್, ಮಷಿನ್..."

"ಕೆಟ್ಟರ ನಾ ರಿಪೇರಿ ಮಾಡಿ ಕೊಡತೀನಿ. ಇಳಿಸು."

ಆಕೆ ಎಲ್ಲರನ್ನೂ ಬಾಗಿಲತನಕ ಹಿಂದೆ ಸರಿಸಿ, ಮಷಿನ್ನಿನ ಗಾಜಿನ ಕದ ಎಳೆದು, ಗುಂಡಿ ಒತ್ತಿದಳು. ಕಟರ್ ಗಟ್ಟಿಗೆ ಇಳಿದ ಕೂಡಲೇ ದನಿ ಕೆಟ್ಟಿತು. ಮೊದಲು ಕೀರಲು, ಆಮೇಲೆ ನರಳಿಕೆ. ಇಡೀ ಮೇಜು ಗಡಗಡ ನಡುಗಿತು. ಚೂರುಗಳು ಹಾರಲಿಲ್ಲ, ಕಟರಿನ ಸುತ್ತ ಅರಳೆಯಂತೆ ಗಂಟು ಕಟ್ಟಿದವು. ಸುಟ್ಟ ವಾಸನೆ. ಮೋಟಾರು ಉಸಿರು ಕಟ್ಟಿ ನಿಂತಿತು. ನಿಲ್ಲುವ ಮೊದಲೇ ಟಕ್ಕೆಂದು ಕಟರ್ ತುಂಡಾಗಿ ಗಾಜಿಗೆ ಬಡಿಯಿತು.

ಒಂದು ಇಂಚೂ ಮುಂದೆ ಹೋಗಿರಲಿಲ್ಲ.

ಮಾಸ್ತರರು ಕದ ತೆರೆದು ಮುರಿದ ಕಟರಿನ ಬುಡ ತೋರಿಸಿದರು. ಹಲ್ಲಿನ ಗಟಾರಗಳಲ್ಲಿ ಅಲ್ಯೂಮಿನಿಯಂ ತುಂಬಿ, ಬೆಸೆದು, ಕಟರೋ ಕಡ್ಡಿಯೋ ತಿಳಿಯದಂತಾಗಿತ್ತು.

"ಈ ಮಷಿನ್ನಿಗೆ ಬಲ ಇಲ್ಲ ಅಂತ ಈಕಿ ನಾಚಿಕೊಂಡಳು ಮೇಡಂ. ಇವತ್ತು ಆ ಬಲ ಇಲ್ಲದ್ದ ಈಕೀನ ಉಳಿಸೇತಿ. ಬರಕೋರಿ: ಆ ಎರಡು ತುಂಡು ಈ ಶೆಡ್ಡಿನಾಗ ಹುಟ್ಟಿಲ್ಲ. ಬೇಕಾದ್ರ ಯಾವ ದೊಡ್ಡ ಇಂಜಿನಿಯರನ್ನೂ ಕರಸ್ರಿ. ನನ್ನ ಸಹಿ ಇರತೈತಿ ಕೆಳಗ."

ಭುವನೇಶ್ವರಿ ಬರೆದಳು. ಬರೆದು ಮುಗಿಸಿ ತಲೆ ಎತ್ತಿ ವಿದ್ಯಾಶ್ರೀಗೆ ಅಂದಳು, "ತಂಗಿ, ನಾ ಹದಿನೊಂದು ವರ್ಷ ಆತು ನೌಕರಿ ಮಾಡಾಕ ಹತ್ತಿ. ಆರೋಪ ಬಂದವರು ಅಳತಾರ, ಇಲ್ಲಾ ಒದರತಾರ. ಕೆಲಸ ಮಾಡಿ ತೋರಿಸಿದಾಕಿ ನೀನ ಮೊದಲನೇದಾಕಿ."

ವಿದ್ಯಾಶ್ರೀಯ ಕಣ್ಣು ಆಗ ತುಂಬಿ ಬಂತು. ಆಕೆ ಬಟ್ಟೆಯ ಚೂರು ಹಿಡಿದು ಮೇಜು ಒರೆಸುವ ನೆಪ ಮಾಡಿದಳು. ಕುಬೇರಪ್ಪ ಮಾಸ್ತರರು ಬಾಗಿಲ ಕಡೆ ಮುಖ ತಿರುಗಿಸಿ ಕನ್ನಡಕ ಹಾಕಿಕೊಂಡರು. ಇಷ್ಟು ವರ್ಷ ಕಲಿಸಿದ್ದು ಒಬ್ಬಳಿಗಾದರೂ ಇಷ್ಟು ನಾಟಿದ್ದರೆ ಸಾಕು ಅನಿಸಿತು.

ಆಮೇಲೆ ಅವರು ಆನಂದನ ಎದುರು ಹೋಗಿ ನಿಂತರು.

"ಈಗ ನಿನ್ನ ಪಾಳಿ. ಈಕಿ ಕಡೆಯಿಂದ ಆರೂ ಒಮ್ಮೆಲೆ ತಗೊಂಡ್ಯಾ?"

"ಇಲ್ರಿ." ಆನಂದ ಹಣೆ ಒರೆಸಿಕೊಂಡ. "ಮೊದಲ ನಾಲ್ಕು. ನಾನ ಬಂದು ಒಯ್ದೆ. ಎರಡು ತಿಂಗಳ ಮ್ಯಾಲ ಇನ್ನೆರಡು."

"ಆ ಎರಡು ಇಲ್ಲಿಂದ ಒಯ್ದ್ಯಾ?"

ಆನಂದ ವಿದ್ಯಾಶ್ರೀಯ ಕಡೆ ನೋಡಿದ. ವಿದ್ಯಾಶ್ರೀ ನೆಲ ನೋಡಿದಳು. ಅಷ್ಟು ಹೊತ್ತು ಯಾರ ಕಣ್ಣಿಗೂ ಹೆದರದಿದ್ದ ಹುಡುಗಿ.

"ಕೇಳಿದ್ದಕ್ಕ ಹೇಳು ಆನಂದ."

"ನಿಮ್ಮ ಮನಿಯಿಂದ ಒಯ್ದೆ ಮಾಸ್ತರ್ರ."

ಶೆಡ್ಡಿನಲ್ಲಿ ಗಾಳಿಯ ನಳಿಗೆಯೊಂದೇ ಸುಯ್ಯೆನ್ನುತ್ತಿತ್ತು. ವಿದ್ಯಾಶ್ರೀ ಅದನ್ನು ಬಂದು ಮಾಡಿದಳು.

"ಖರೆ ಐತಿ ಸರ್," ಅಂದಳು. "ನೀವು ಆ ವಾರ ಶಿಗ್ಲಿಗೆ ಅಕ್ಕನ ಮನಿಗೆ ಹೋಗಿದ್ರಿ. ಆನಂದಣ್ಣ ಬೆಟಗೇರಿಗೆ ಬರತೀನಿ, ಮಾಸ್ತರ ಮನ್ಯಾಗ ಕೊಟ್ಟುಬಿಡು ಅಂದ್ರು. ನಾ ಡಬ್ಬಿ ಕಟ್ಟಿ ಅಮ್ಮಾರ ಕೈಯಾಗ ಕೊಟ್ಟು ಬಂದೆ. ಮೂರು ದಿನ ಬಿಟ್ಟು ಇವರು ಒಯ್ದಾರ."

"ಇದನ್ನ ಮುಂಜಾನಿನ ಯಾಕ ಹೇಳಲಿಲ್ಲ?"

"ನಿಮ್ಮ ಮನಿ ಹೆಸರು ಪೊಲೀಸರ ಮುಂದ ತರಾಕ ನಾಲಿಗಿ ಏಳಲಿಲ್ಲ ಸರ್."

"ಅದಕ್ಕ ನೀ ಜೇಲಿಗೆ ಹೋಗಾಕ ತಯಾರಿದ್ಯಾ?"

ಆಕೆ ಮತ್ತೆ ಬಟ್ಟೆಯ ಚೂರು ಎತ್ತಿಕೊಂಡು ಮೇಜು ಒರೆಸಿದಳು.

ಮಾಸ್ತರರು ಫೋನು ತೆಗೆದರು. ಭುವನೇಶ್ವರಿ ತಡೆದಳು. "ಮಾಸ್ತರ್, ನಿಮ್ಮ ಮನಿಯವರನ್ನ ನಾ ಕೇಳಬೇಕಾಗತೈತಿ. ನೀವಲ್ಲ."

"ಕೇಳೀರಂತ. ನಾ ಒಂದ ಪ್ರಶ್ನಿ ಕೇಳತೀನಿ, ನಿಮ್ಮ ಎದುರಿಗೇ. ಅದಕ್ಕ ಏನು ಉತ್ತರ ಬಂದ್ರೂ ಇದ್ದದ್ದು ಇದ್ದಂಗ ನಿಮಗ ಹೇಳತೀನಿ."

ಆಕೆ ಅವರನ್ನು ಒಂದು ಗಳಿಗೆ ನೋಡಿ ಗೋಣು ಹಾಕಿದಳು.

ಆ ಕಡೆ ಹೆಂಡತಿ ದ್ರಾಕ್ಷಾಯಣಿ ಫೋನು ಎತ್ತಿದಾಗ ಮಗ್ಗದ ಲಟಪಟ ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

"ಏನ್ರಿ, ಊಟಕ್ಕ ಬರೂದಿಲ್ಲೇನು?"

"ಒಂದ ಮಾತು ಕೇಳತೀನಿ ದ್ರಾಕ್ಷಾ. ವಿದ್ಯಾ ಒಂದು ಡಬ್ಬಿ ಇಟ್ಟು ಹೋಗಿದ್ಲಲ್ಲ, ನಾ ಶಿಗ್ಲ್ಯಾಗ ಇದ್ದಾಗ. ಆನಂದ ಒಯ್ಯೂತನಕ ಅದು ಎಲ್ಲಿತ್ತು?"

"ಎಲ್ಲಿರತೈತಿ, ಜಗಲಿ ಮ್ಯಾಲಿನ ಗೂಡಿನಾಗ."

"ಯಾರಾರ ಮುಟ್ಟಿದ್ರೇನು?"

ದ್ರಾಕ್ಷಾಯಣಿ ಉತ್ತರ ಹೇಳಿದಳು. ಸಹಜವಾಗಿ, ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ. ನಾಲ್ಕು ಮಾತು. ಆಮೇಲೆ ಮಾಸ್ತರರು ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದಳು, ಇವತ್ತು ಮುಂಜಾನೆಯದು.

ಫೋನು ಮಾಸ್ತರರ ಕಿವಿಗೆ ಒತ್ತಿತ್ತು. ಮಿಕ್ಕವರಿಗೆ ಒಂದಕ್ಷರ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಆತು. ನೀ ಊಟ ಮಾಡು."

ಅವರು ಫೋನನ್ನು ಜೇಬಿಗಿಟ್ಟರು. ಒಮ್ಮೆಗೆ ಇಡಲಾಗಲಿಲ್ಲ, ಜೇಬಿನ ಬಾಯಿ ಸಿಗಲಿಲ್ಲ.

"ಯಾರು ಮಾಸ್ತರ್?" ಭುವನೇಶ್ವರಿಯ ಪೆನ್ನು ಕಾಗದದ ಮೇಲೆ ನಿಂತಿತ್ತು.

ಯಾರೂ ಮುಟ್ಟಿಲ್ಲ ಅಂದರೆ ಮುಗಿಯಿತು. ದ್ರಾಕ್ಷಾಯಣಿಗೆ ಸರಿಯಾಗಿ ನೆನಪಿಲ್ಲ ಅಂದರೂ ನಡೆಯುತ್ತದೆ. ವಿದ್ಯಾಶ್ರೀಯ ಹೆಸರು ತೊಳೆದಾಗಿತ್ತು. ಈ ಶೆಡ್ಡಿನಲ್ಲಿ ಅವರಿಗೆ ಮಾಡಬೇಕಾದ ಕೆಲಸ ಬೇರೇನೂ ಉಳಿದಿರಲಿಲ್ಲ. ಅವರು ವಿದ್ಯಾಶ್ರೀಯ ಕಡೆ ನೋಡಿದರು. ಆಕೆ ಬೇಡವೆಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸುತ್ತಿದ್ದಳು. ಆಕೆಗೆ ಮೊದಲೇ ಅನುಮಾನ ಇತ್ತೆಂದು ಅವರಿಗೆ ಆಗ ತಿಳಿಯಿತು.

ಕುಬೇರಪ್ಪ ಬೆನ್ನು ನೆಟ್ಟಗೆ ಮಾಡಿದರು.

"ಬರಕೋರಿ ಮೇಡಂ. ಡಬ್ಬಿ ಬಿಚ್ಚಿ, ಒಂದು ದಿನ ಒಯ್ದು, ಮತ್ತ ತಂದಿಟ್ಟಾಂವ... ಸಾಗರ. ವಯಸ್ಸು ಇಪ್ಪತ್ತೊಂಬತ್ತು. ಶಿರಹಟ್ಟಿಯಾಗ ಉಕ್ಕಿನ ಅಚ್ಚು ಕೊರೆಯೋ ಶೆಡ್ಡಿನಾಗ ಕೆಲಸ. ದೊಡ್ಡ ಮಷಿನ್ ಅಲ್ಲೇ ಐತಿ, ಡಬ್ಬಿಯೊಳಗಿನ ತುಂಡು ಬದಲಾದದ್ದೂ ಅಲ್ಲೇ ಇರಬೇಕು. ತಂದಿ ಹೆಸರು ಕುಬೇರಪ್ಪ, ಬೆಟಗೇರಿ."

ಪೆನ್ನು ಓಡಲಿಲ್ಲ. "ನಿಮ್ಮ ಮಗಾ?"

"ಒಬ್ಬನ ಮಗ. ಬರಕೋರಿ."

ಆಕೆ ಬರೆದಳು. ಬರೆಯುತ್ತಲೇ, ದನಿ ತಗ್ಗಿಸಿ ಕೇಳಿದಳು, "ಈಗ ಎಲ್ಲಿ ಅದಾರ?"

"ಮುಂಜಾನೆ ಮನಿ ಬಿಟ್ಟಾನಂತ. ಎಲ್ಲಿಗೆ ಅಂತ ಅವ್ವ ಕೇಳಿದ್ದಕ್ಕ ಹೇಳ್ಯಾನ..." ಮಾಸ್ತರರು ಮುರಿದ ಹಿಡಿಕೆಯ ಕಡೆ ನೋಡಿದರು. "ದವಾಖಾನ್ಯಾಗ ಹರ್ತಿ ಶೇಖವ್ವನ ಹಂತ್ಯಾಕ ಕುಂಡ್ರಾಕ ಹೊಂಟೀನಿ ಅಂತ."

ಸ್ಟೂಲು ಉರುಳಿತು. ಅವನು ಮರುಗಿ ಹೋದನೋ, ಇನ್ನೇನಾದರೂ ಕೆಡುಕು ಮಾಡಲು ಹೋದನೋ ತಿಳಿಯದೆ ಭುವನೇಶ್ವರಿ ಜೀಪಿನ ಕಡೆ ಓಡುತ್ತಲೇ ದವಾಖಾನೆಯಲ್ಲಿ ಕಾವಲಿಗಿಟ್ಟ ಪೇದೆಗೆ ಫೋನು ಹಚ್ಚಿದಳು. ಆ ಕಡೆ ಗಂಟೆ ಬಡಿಯಿತು. ಬಡಿಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ.